ಚಳಿಗಾಲಕ್ಕೆ ಯಾವ ಆರ್‌ವಿ ಪಾರ್ಕ್? ಕಾಫಿ ಲೋಟ ಯಾರು ತೊಳೆಯುತ್ತಾರೆ ಅಂತ ಮೊದಲು ಕೇಳಿ

ಮಿನಿಸೋಟಾದಲ್ಲಿ ನವೆಂಬರ್ ಬಂತೆಂದರೆ ನನ್ನ ಹೆಂಡತಿಗೆ ಮಂಡಿ ನೋವು, ನನಗೆ ಹಿಮ ಗೋರುವ ಸಲಿಕೆ ಕಂಡರೇ ಸಿಟ್ಟು. ನಿವೃತ್ತಿಯಾದ ವರ್ಷ ಮಕ್ಕಳು ಬೇಡ ಅಂದರೂ ಕೇಳದೆ ಒಂದು ಹಳೇ ಟ್ರೇಲರ್, ಅಂದರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಗಾಲಿ ಮನೆ, ಕೊಂಡೆವು. ಇಂಥ ಗಾಲಿ ಮನೆಗಳಿಗೆ ಆರ್‌ವಿ ಅನ್ನುತ್ತಾರೆ, ಅವು ಬಂದು ನಿಲ್ಲುವ ಜಾಗ ಆರ್‌ವಿ ಪಾರ್ಕ್. ಆಮೇಲೆ ಆರು ಚಳಿಗಾಲ ದಕ್ಷಿಣಕ್ಕೆ ಹೋಗಿ ಬಂದಿದ್ದೇವೆ. ಈಗ ಯುಗಾದಿ ಊಟಕ್ಕೆ ಹೋದರೆ ನಮ್ಮ ವಯಸ್ಸಿನವರು ಯಾರಾದರೊಬ್ಬರು ಪೇಪರ್ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು, "ಅರಿಜೋನಾ ಒಳ್ಳೇದೋ, ಟೆಕ್ಸಸ್ಸೋ?" ಅಂತ ಕೇಳುತ್ತಾರೆ. ಒಬ್ಬಟ್ಟು ಮುಗಿಯುವುದರೊಳಗೆ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಉತ್ತರದ ರಾಜ್ಯಗಳಿಂದ, ಕೆನಡಾದಿಂದ ಚಳಿ ತಪ್ಪಿಸಿಕೊಂಡು ಬರುವ ವಯಸ್ಸಾದವರಿಗೆ ಇಲ್ಲಿ ಸ್ನೋಬರ್ಡ್ ಅನ್ನುತ್ತಾರೆ. ಟೆಕ್ಸಸ್‌ನವರು ಸ್ವಲ್ಪ ಪ್ರೀತಿಯಿಂದ ವಿಂಟರ್ ಟೆಕ್ಸನ್ ಅಂತ ಕರೆಯುತ್ತಾರೆ. ಅವರು ಬಂದು ಇಳಿಯುವುದು ಹೆಚ್ಚಾಗಿ '55 ಪ್ಲಸ್' ಪಾರ್ಕುಗಳಲ್ಲಿ. 1995ರ ಒಂದು ಫೆಡರಲ್ ಕಾನೂನಿನ ಪ್ರಕಾರ ಜನ ಇರುವ ಮನೆಗಳಲ್ಲಿ ಶೇ. 80ರಲ್ಲಾದರೂ 55 ದಾಟಿದವರು ಒಬ್ಬರು ಇದ್ದರೆ ಆ ಜಾಗ ಮಕ್ಕಳಿರುವ ಕುಟುಂಬ ಬೇಡ ಅನ್ನಬಹುದು. ನಿಮ್ಮದೇ ಮೋಟರ್‌ಹೋಮ್ ಅಥವಾ ಟ್ರೇಲರ್ ತಂದು ನಿಲ್ಲಿಸಬಹುದು. ಇಲ್ಲವೇ ಅಲ್ಲೇ ಇರುವ 'ಪಾರ್ಕ್ ಮಾಡೆಲ್' ಕೊಳ್ಳಬಹುದು, ಬಾಡಿಗೆಗೂ ಸಿಗುತ್ತದೆ. ಅದು ಹೆಚ್ಚೆಂದರೆ 400 ಚದರ ಅಡಿಯ ಪುಟ್ಟ ಮನೆ. ನಮ್ಮ ಮಲ್ಲೇಶ್ವರದ ಹಳೇ ಬಾಡಿಗೆ ಮನೆಗಿಂತ ಸ್ವಲ್ಪ ದೊಡ್ಡದೇ.

ಎಲ್ಲರೂ ಹೋಲಿಸುವುದು ಬಿಸಿಲು, ಬಾಡಿಗೆ, ಈಜುಕೊಳ. ಹೋಲಿಸಿ, ಬೇಡ ಅನ್ನಲ್ಲ. ಆದರೆ ಆರು ವರ್ಷ ಓಡಾಡಿದ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಅಲ್ಲಿ ಕೆಲಸ ಮಾಡುವವರು ಯಾರು? ಬೆಳಗಿನ ಕಾಫಿಯ ಲೋಟ ತೊಳೆಯುವವರು ಯಾರು? ಮದುವೆ ಮನೆಗೆ ನೆಂಟರಾಗಿ ಹೋಗಿ ಉಂಡು ಬರುವುದು ಒಂದು, ಬಡಿಸೋಕೆ ಟವೆಲ್ ಸುತ್ತಿಕೊಂಡು ನಿಲ್ಲುವುದು ಇನ್ನೊಂದು. ಪಾರ್ಕುಗಳಲ್ಲೂ ಈ ಎರಡು ಜಾತಿ ಇದೆ. ನಿಮಗೆ ಯಾವುದು ಬೇಕು ಅಂತ ಗೊತ್ತಾಗದೆ ದುಡ್ಡು ಕಟ್ಟಬೇಡಿ.

ಅರಿಜೋನಾದ ಮೀಸಾ ಕಡೆಯ ದೊಡ್ಡ ಪಾರ್ಕುಗಳು

ನಮ್ಮ ಮೊದಲ ಚಳಿಗಾಲ ಇಲ್ಲಿ. ಮೀಸಾ, ಅಪಾಚೆ ಜಂಕ್ಷನ್ ಸುತ್ತ ಸಾವಿರಕ್ಕೂ ಜಾಸ್ತಿ ಸೈಟುಗಳಿರುವ ಪಾರ್ಕುಗಳಿವೆ. ಪಾರ್ಕ್ ಅನ್ನೋದಕ್ಕಿಂತ ಬಡಾವಣೆ ಅನ್ನಿ. ಪಿಕಲ್‌ಬಾಲ್ ಅಂಗಳ, ನಾಟ್ಯದ ಹಾಲ್, ಮರಗೆಲಸದ ಶೆಡ್ಡು, ಬಣ್ಣದ ಕಲ್ಲು ಕೊಯ್ದು ಪಾಲಿಶ್ ಮಾಡುವ ಕೋಣೆ, ಕೌದಿ ಹೊಲಿಯುವ ಗುಂಪು, ಎಲ್ಲ ಇದೆ. ಕಾರ್ಯಕ್ರಮ ನೋಡಿಕೊಳ್ಳೋಕೆ ಸಂಬಳದ ಜನ ಇರುತ್ತಾರೆ. ತಿಂಗಳ ಕ್ಯಾಲೆಂಡರ್ ಅಚ್ಚಾಗಿ ಬಾಗಿಲಿಗೆ ಬರುತ್ತದೆ. ನೀವು ಟಿಕೆಟ್ ತೆಗೆದುಕೊಂಡು ಹೋಗಿ ಕೂತರಾಯಿತು.

ನಮ್ಮವರಿಗೆ ಇದರ ಅನುಕೂಲ ಕಡಿಮೆಯೇನಲ್ಲ. ಗಾಳಿ ಒಣ, ಮಂಡಿಗೆ ಹಿತ. ಚಾಂಡ್ಲರ್ ಕಡೆ ಹೋದರೆ ತೊಗರಿಬೇಳೆ, ಕರಿಬೇವು, ಮೆಂತ್ಯಸೊಪ್ಪು ಸಿಗುತ್ತದೆ. ಮ್ಯಾರಿಕೋಪಾದಲ್ಲಿ ಮಹಾಗಣಪತಿ ದೇವಸ್ಥಾನ ಇದೆ. ಕನ್ನಡ ಸಂಘವೂ ಇದೆ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಫೀನಿಕ್ಸ್ ಸುತ್ತ 15 ಬೇಸ್‌ಬಾಲ್ ತಂಡಗಳ ಅಭ್ಯಾಸ ಪಂದ್ಯ ನಡೆಯುತ್ತದೆ, ಕ್ಯಾಕ್ಟಸ್ ಲೀಗ್ ಅಂತ. ಅಲ್ಲಿ ಸೀಟು ತೋರಿಸುವವರಲ್ಲಿ, ಟಿಕೆಟ್ ನೋಡುವವರಲ್ಲಿ ಎಷ್ಟೋ ಜನ ನಮ್ಮಂಥ ಮುದುಕರೇ.

ಹಾಗಾದರೆ ತೊಂದರೆ ಏನು? ಒಂದು ಜನವರಿಯಲ್ಲಿ ನನ್ನವಳಿಗೆ ಫ್ಲೂ ಬಂದು ಹತ್ತು ದಿನ ಮಲಗಿದಳು. ಯಾರಿಗೂ ಗೊತ್ತಾಗಲೇ ಇಲ್ಲ. ಪಕ್ಕದವರು ಕೈ ಬೀಸುತ್ತಿದ್ದರು, ನಾನೂ ಬೀಸುತ್ತಿದ್ದೆ. ಆಫೀಸಿನಿಂದ ಮಾತ್ರ ವ್ಯಾಲೆಂಟೈನ್ ಊಟದ ಟಿಕೆಟ್ ಬೇಕಾ ಅಂತ ಚೀಟಿ ಬಂತು. ತಪ್ಪು ಪೂರ್ತಿ ಪಾರ್ಕಿನದಲ್ಲ ಅಂತ ಈಗ ಅನಿಸುತ್ತದೆ. ಅಂಥ ದೊಡ್ಡ ಕಡೆಯೂ ಮರಗೆಲಸದ ಶೆಡ್ಡು, ಕಲ್ಲಿನ ಕೋಣೆ ನಡೆಸುವವರು ನಿವಾಸಿಗಳೇ. ಸುರಕ್ಷತೆಯ ಪಾಠ ತೆಗೆದುಕೊಂಡು ವಾರಕ್ಕೆ ಒಂದು ಪಾಳಿ ಬಾಗಿಲು ಕಾಯುತ್ತೇನೆ ಅಂತ ಹೆಸರು ಕೊಟ್ಟಿದ್ದರೆ ನಾಲ್ಕು ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ನಾನು ಬರೀ ಗಿರಾಕಿಯಾಗಿ ಕೂತಿದ್ದೆ. ಆದ್ದರಿಂದ ಮೀಸಾ ಆರಿಸಿದರೆ, ಮೊದಲ ವಾರವೇ ಬೀಗದ ಕೈ ಇರುವ ಯಾವುದಾದರೂ ಗುಂಪಿಗೆ ಸೇರಿ. ನೋಡುವ ಗುಂಪಿಗಲ್ಲ, ಮಾಡುವ ಗುಂಪಿಗೆ.

ಟೆಕ್ಸಸ್‌ನ ರಿಯೋ ಗ್ರಾಂಡ್ ಕಣಿವೆ

ಮಿನಿಯಾಪೊಲಿಸ್‌ನಿಂದ ಸುಮಾರು 1,500 ಮೈಲಿ. ಸ್ಯಾನ್ ಆಂಟೋನಿಯೋವರೆಗೆ 35ನೇ ಹೆದ್ದಾರಿ ಬಿಡುವ ಹಾಗೇ ಇಲ್ಲ. ಆಮೇಲೂ ದಕ್ಷಿಣಕ್ಕೆ ಹೋಗುತ್ತಲೇ ಇದ್ದರೆ ಮಿಷನ್, ಮೆಕ್ಯಾಲನ್, ವೆಸ್ಲಾಕೊ, ಹಾರ್ಲಿಂಜನ್ ಸಿಗುತ್ತವೆ, ಆಚೆ ದಡ ಮೆಕ್ಸಿಕೊ. ಇಲ್ಲೂ ದೊಡ್ಡ ಪಾರ್ಕುಗಳಿವೆ. ನಾನು ಹೇಳುತ್ತಿರುವುದು ಇನ್ನೂರು ಮುನ್ನೂರು ಸೈಟಿನ ಹಳೇ ಪಾರ್ಕುಗಳ ಬಗ್ಗೆ. ಆಫೀಸಿನಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಮಿಕ್ಕಿದ್ದೆಲ್ಲ ನಿವಾಸಿಗಳ ಕೈಯಲ್ಲೇ.

ನಾವು ಬಂದ ಮೂರನೇ ದಿನ ಬೆಳಿಗ್ಗೆ ಕಾಫಿ ಕುಡಿಯೋಣ ಅಂತ ಪಾರ್ಕಿನ ಹಾಲ್‌ಗೆ ಹೋದೆ. ಅಯೋವಾದ ಒಬ್ಬ ಅಜ್ಜಿ, ಎಂಬತ್ತು ದಾಟಿರಬೇಕು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗೆ ಬೆನ್ನು ನೋವು ಇದೆಯಾ?" ಅಂದರು. ಇಲ್ಲ ಅಂದೆ. ಕೈಗೆ ಏಪ್ರನ್ ಬಂತು. ಶನಿವಾರದ ಪ್ಯಾನ್‌ಕೇಕ್ ತಿಂಡಿಗೆ ಹಿಟ್ಟು ಕಲಸುವವನು ಆ ವರ್ಷ ಬಂದಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೂರೈವತ್ತು ಜನರ ಹಿಟ್ಟು ಕಲಸಿದೆ. ದೋಸೆ ಹುಯ್ದ ಕೈ ಅಲ್ವಾ, ಕಾವಲಿ ಮುಂದೆ ನಿಂತರೆ ಭಾಷೆ ಬೇಕಾಗಲಿಲ್ಲ. ಆ ವಾರದ ಕೊನೆಗೆ ನೂರೈವತ್ತು ಜನಕ್ಕೂ ನನ್ನ ಹೆಸರು ಗೊತ್ತಿತ್ತು. ಉಚ್ಚಾರ ಸರಿ ಇರಲಿಲ್ಲ, ಅದು ಬೇರೆ ಮಾತು.

ಇಲ್ಲಿ ಎಲ್ಲಕ್ಕೂ ಒಂದು ಹಾಳೆ ಗೋಡೆಗೆ ಅಂಟಿಸಿರುತ್ತಾರೆ, ಹೆಸರು ಬರೆಯಬೇಕು. ಕುರ್ಚಿ ಜೋಡಿಸುವವರು, ಗಾಲ್ಫ್ ಕಾರ್ಟಿನಲ್ಲಿ ಹೊಸಬರಿಗೆ ಜಾಗ ತೋರಿಸುವವರು, ಗ್ರಂಥಾಲಯದ ಕಪಾಟು ನೋಡುವವರು, ಆಸ್ಪತ್ರೆಯಿಂದ ಬಂದವರ ಮನೆಗೆ ಬಿಸಿ ಊಟ ಕೊಡುವವರು. ಸಂಜೆ ಎಲ್ಲ ಸೇರಿ ಕಂಟ್ರಿ ಹಾಡು ನುಡಿಸುವ ಜ್ಯಾಮ್, ಇಸ್ಪೀಟು, ಡಾಮಿನೋ. ನಾನು ಎರಡನೇ ವರ್ಷ ಕೇರಂ ಬೋರ್ಡ್ ಹಾಕಿಕೊಂಡು ಹೋದೆ, ಎಲ್ಲರಿಗೂ ಕಲಿಸೋಣ ಅಂತ. ಮೂರನೇ ವಾರಕ್ಕೆ ಮ್ಯಾನಿಟೋಬಾದ ರೈತರೊಬ್ಬರು ನನ್ನನ್ನೇ ಸೋಲಿಸಿದರು. ಕೆನಡಾದಲ್ಲಿ ಕ್ರೋಕಿನೋಲ್ ಅಂತ ನಮ್ಮ ಕೇರಂನ ದಾಯಾದಿ ಆಟ ಒಂದಿದೆಯಂತೆ, ಬೆರಳು ಆಗಲೇ ಪಳಗಿತ್ತು.

ಹೊರಗಿನ ಸೇವೆಯೂ ಇಲ್ಲಿ ಜಾಸ್ತಿ. ಗಡಿಯ ಈ ಜಿಲ್ಲೆಗಳು ಅಮೆರಿಕದ ಬಡ ಜಿಲ್ಲೆಗಳ ಪೈಕಿ. ನಿವೃತ್ತ ಮೇಷ್ಟ್ರುಗಳು ಶಾಲೆಗೆ ಹೋಗಿ ಮಕ್ಕಳ ಹತ್ತಿರ ಓದಿಸುತ್ತಾರೆ. ಬಡಗಿ ಕೆಲಸ ಬಲ್ಲವರು ಗಾಲಿಕುರ್ಚಿ ಹತ್ತುವ ಹಾಗೆ ಮನೆ ಮುಂದೆ ಇಳಿಜಾರು ಕಟ್ಟಿಕೊಡುತ್ತಾರೆ. ಫಾರ್ ಅನ್ನುವ ಊರಿನಲ್ಲಿರುವ ರಿಯೋ ಗ್ರಾಂಡ್ ಕಣಿವೆಯ ಫುಡ್ ಬ್ಯಾಂಕಿನಲ್ಲಿ ಡಬ್ಬ, ತರಕಾರಿ ವಿಂಗಡಿಸೋಕೆ ಕೈ ಎಷ್ಟಿದ್ದರೂ ಸಾಲದು. ಲೆಕ್ಕ ಬರುವ ನಮ್ಮವರಿಗೆ, ಅಂದರೆ ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ, ಇನ್ನೊಂದು ಹೇಳಿಮಾಡಿಸಿದ ಕೆಲಸ ಇದೆ: ಹಿರಿಯರ ಸಂಘ ಎಎಆರ್‌ಪಿಯ ಟ್ಯಾಕ್ಸ್-ಏಡ್. 1968ರಿಂದ ನಡೆಯುತ್ತಿರುವ ಇದರಲ್ಲಿ ತರಬೇತಿ ಪಡೆದು, ತೆರಿಗೆ ಇಲಾಖೆ ಐಆರ್‌ಎಸ್‌ನ ಪರೀಕ್ಷೆ ಪಾಸಾಗಿ, ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಬಡವರಿಗೆ, ವಯಸ್ಸಾದವರಿಗೆ ಉಚಿತವಾಗಿ ತೆರಿಗೆ ಫಾರ್ಮ್ ತುಂಬಿಕೊಡಬೇಕು. ನಾನು ಎರಡು ವರ್ಷ ಮಾಡಿದೆ. ಕಂಪನಿಯಲ್ಲಿ ಮೂವತ್ತು ವರ್ಷ ಸ್ಪ್ರೆಡ್‌ಶೀಟ್ ತುಂಬಿದಾಗ ಯಾರೂ ಥ್ಯಾಂಕ್ಸ್ ಹೇಳಿರಲಿಲ್ಲ, ಇಲ್ಲಿ ಒಬ್ಬರು ಟಮಾಲೆ ಅಂತ ಜೋಳದ ಹಿಟ್ಟಿನ ಮೆಕ್ಸಿಕನ್ ಕಡುಬು ಕಟ್ಟಿಕೊಂಡು ತಂದರು. ಮಾಂಸದ್ದು, ತಿನ್ನಲಾಗಲಿಲ್ಲ.

ಊಟದ ಮಾತು ಬಂತಲ್ಲ, ಸಸ್ಯಾಹಾರಿಗಳು ಗಮನಿಸಿ. ಪಾಟ್‌ಲಕ್ ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಊಟ. ಅರೆದು ಹುರಿದ ಬೀನ್ಸ್ ನೋಡೋಕೆ ನಮ್ಮ ಅವರೆಬೇಳೆ ಪಲ್ಯದ ಥರ ಇದ್ದರೂ ಅದರಲ್ಲಿ ಹಂದಿ ಕೊಬ್ಬು ಹಾಕುವ ವಾಡಿಕೆ ಇದೆ. ಹಸಿರು ಬೀನ್ಸ್ ಪಲ್ಯದಲ್ಲೂ ಬೇಕನ್, ಅಂದರೆ ಹಂದಿ ಮಾಂಸದ ಚೂರು ಅಡಗಿರುತ್ತದೆ. ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಟಿನ್. ನಾವೇ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ತೆಗೆದುಕೊಂಡು ಹೋಗುವುದು, ಮೊದಲು ಅದನ್ನೇ ತಟ್ಟೆಗೆ ಹಾಕಿಕೊಳ್ಳುವುದು. ತಡ ಮಾಡಿದರೆ ನಮಗೂ ಉಳಿಯಲ್ಲ. ಪಾರ್ಕಿನ ತುಂಬ ಗ್ರೇಪ್‌ಫ್ರೂಟ್ ಮರ, ನಮ್ಮ ಚಕ್ಕೋತದ ಸಂಬಂಧಿ, ಒಳಗೆ ಕೆಂಪು. ಹಣ್ಣು ಉದುರಿ ಬಿದ್ದಿರುತ್ತದೆ, ಯಾಕೆ ಯಾರೂ ತಿನ್ನಲ್ಲ ಅಂತ ಆಶ್ಚರ್ಯ ಆಯಿತು. ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳಿಗೂ ಗ್ರೇಪ್‌ಫ್ರೂಟಿಗೂ ಆಗಿಬರಲ್ಲ. ನಮ್ಮ ಪಾರ್ಕಿನಲ್ಲಿ ಅರ್ಧ ಜನ ಆ ಮಾತ್ರೆಯವರು! ಮಾತ್ರೆ ಇಲ್ಲದ ನನ್ನವಳು ಸಿಪ್ಪೆಯಲ್ಲಿ ಹೇರಳೆಕಾಯಿ ಗೊಜ್ಜಿನ ಥರ ಗೊಜ್ಜು ಮಾಡಿದಳು. ಕಹಿ ಸ್ವಲ್ಪ ಜಾಸ್ತಿ, ಆದರೂ ಮೊಸರನ್ನಕ್ಕೆ ಆಗುತ್ತೆ.

ಇನ್ನು ಬೇಸರಗಳು. ಗಾಳಿ ಬೀಸಿದರೆ ಮೂರು ದಿನ ನಿಲ್ಲಲ್ಲ. ಉತ್ತರದ ಚಳಿ ಒಮ್ಮೊಮ್ಮೆ ಇಲ್ಲಿಗೂ ಬರುತ್ತದೆ, 2021ರ ಫೆಬ್ರವರಿಯಲ್ಲಿ ನಿಂಬೆ, ಕಿತ್ತಳೆ ತೋಟಗಳು ಚಳಿಗೆ ಕಮರಿಹೋದವು. ಪಾರ್ಕು ಚಿಕ್ಕದಾದಷ್ಟೂ ಚಾಡಿ ದೊಡ್ಡದು. ಅಡುಗೆಮನೆಯ ಜಗಳ ನಮ್ಮ ಮಠದ ಪಾಕಶಾಲೆಗೇನೂ ಕಡಿಮೆ ಇಲ್ಲ, ಯಾರ ಸೌಟು ಎಲ್ಲಿ ತೂಗಬೇಕು ಅನ್ನೋದಕ್ಕೆ ಇಬ್ಬರು ಒಂದು ಇಡೀ ಸೀಸನ್ ಮಾತು ಬಿಟ್ಟಿದ್ದರು. ಭಾನುವಾರ ಅದೇ ಹಾಲ್‌ನಲ್ಲಿ ಪ್ರಾರ್ಥನೆ, ಊಟಕ್ಕೆ ಮೊದಲೂ ಪ್ರಾರ್ಥನೆ. ಬಲವಂತ ಇಲ್ಲ, ಆದರೆ ನಿಮಗೆ ಅದು ಮುಳ್ಳಾಗುತ್ತದೆಯೇ ಅಂತ ಮೊದಲೇ ಯೋಚಿಸಿ. ಕಂದು ಬಣ್ಣದವರು ನಾವಿಬ್ಬರೇ. ಮೊದಲ ತಿಂಗಳು ಇಬ್ಬರು ನನ್ನನ್ನು ಡಾಕ್ಟರ್ ಅಂದುಕೊಂಡು ಬಿಪಿ ಮಾತ್ರೆ ತೋರಿಸಿದರು, ಒಬ್ಬರು ನಿಮ್ಮ ಮೋಟೆಲ್ ಎಲ್ಲಿದೆ ಅಂತ ಕೇಳಿದರು. ಮೀಸಾದಲ್ಲಿ ಇದು ಕಡಿಮೆ, ಯಾಕೆಂದರೆ ಅಲ್ಲಿ ಯಾರೂ ಏನೂ ಕೇಳಲ್ಲ.

ಮತ್ತೊಂದು ವಿಷಯ, ಯಾರೂ ಹೇಳದ್ದು. ಈಚೆಗೆ ಹಳೇ ಪಾರ್ಕುಗಳನ್ನು ದೊಡ್ಡ ಕಂಪನಿಗಳು ಕೊಳ್ಳುತ್ತಿವೆ. ನಾವಿದ್ದ ಒಂದು ಕಡೆ ಹೊಸ ಮಾಲೀಕರು ಬಂದು ಬಾಡಿಗೆ ಏರಿಸಿದರು, ಆಫೀಸಿನ ಫೋನ್ ಎತ್ತುವ ಕೆಲಸಕ್ಕೆ "ಸ್ವಯಂಸೇವಕರು ಬೇಕು" ಅಂತ ಚೀಟಿ ಹಚ್ಚಿದರು. ನಾವು ನಾವೇ ಸೇರಿ ನಮ್ಮ ಊಟ ಮಾಡಿಕೊಳ್ಳುವುದು, ಉಳಿದ ದುಡ್ಡು ನಿವಾಸಿಗಳ ಸಂಘಕ್ಕೆ ಹೋಗುವುದು ಒಂದು ಥರ. ಲಾಭಕ್ಕೆ ನಡೆಯುವ ಕಂಪನಿಗೆ ಬಿಟ್ಟಿ ದುಡಿಯುವುದು ಬೇರೆ ಥರ, ಅದಕ್ಕೆ ಅಮೆರಿಕದ ಕಾರ್ಮಿಕ ಕಾನೂನಿನಲ್ಲೇ ಅವಕಾಶ ಇಲ್ಲ. ಹಾಗಾಗಿ ಪಾರ್ಕ್ ನೋಡೋಕೆ ಹೋದಾಗ ಕೇಳಿ: ಪ್ಯಾನ್‌ಕೇಕ್ ದುಡ್ಡು ಯಾರ ಖಾತೆಗೆ ಹೋಗುತ್ತದೆ? ಒಂದೇ ಪ್ರಶ್ನೆ, ಎಲ್ಲ ಗೊತ್ತಾಗುತ್ತೆ.

ಕ್ವಾರ್ಟ್‌ಸೈಟ್‌ನ ಮರಳುಗಾಡು

ಅರಿಜೋನಾದ ಪಶ್ಚಿಮ ಅಂಚಿನ ಊರು. ಬೇಸಿಗೆಯಲ್ಲಿ ಎರಡೂವರೆ ಸಾವಿರ ಜನ ಇದ್ದರೆ ಹೆಚ್ಚು, ಜನವರಿಯಲ್ಲಿ ಜಾತ್ರೆ. ಊರ ಹೊರಗೆ ಸರ್ಕಾರದ ಲಾ ಪೋಸಾ ಅನ್ನುವ ಬಯಲಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಉಳಿಯಬಹುದು. ಬಹಳ ವರ್ಷ ಆ ಏಳು ತಿಂಗಳಿಗೆ ಒಟ್ಟು 180 ಡಾಲರ್ ಪರ್ಮಿಟ್ ಇತ್ತು. ತಿಂಗಳಿಗಲ್ಲ ರೀ, ಸೀಸನ್ನಿಗೆ. ಆದರೆ ಕರೆಂಟ್ ಇಲ್ಲ, ನಲ್ಲಿ ನಿಮ್ಮ ಬಾಗಿಲಿಗೆ ಬರಲ್ಲ. ಸೋಲಾರ್ ಬೇಕು, ನೀರು ಹೊತ್ತು ತರಬೇಕು, ಕೊಳಚೆ ಟ್ಯಾಂಕ್ ಖಾಲಿ ಮಾಡೋಕೆ ಗಾಡಿ ಕದಲಿಸಬೇಕು.

ಇಲ್ಲಿ ಹಾಲ್, ಕ್ಯಾಲೆಂಡರ್ ಯಾವುದೂ ಇಲ್ಲ. ಸಂಜೆ ಯಾರೋ ಬೆಂಕಿ ಹಾಕುತ್ತಾರೆ, ಕುರ್ಚಿ ಹಿಡಿದು ಹೋಗಿ ಕೂರಬೇಕು, ಅಷ್ಟೇ ಸಮಾಜ. ನಾವು ಎರಡು ವಾರ ಇದ್ದೆವು, ಸಾಕಾಯಿತು. ಒಂದು ಮಾತ್ರ ಮರೆಯಲಾರೆ. ಊರ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್, ಮೇಲೆ ಒಂಟೆ. 1850ರ ದಶಕದಲ್ಲಿ ಅಮೆರಿಕದ ಸೈನ್ಯ ಒಂಟೆ ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿಯ ಗೋರಿ ಅದು, 1902ರಲ್ಲಿ ತೀರಿಕೊಂಡ. ಇಲ್ಲಿಯವರಿಗೆ ಹೆಸರು ಹೇಳೋಕೆ ಬರದೆ 'ಹೈ ಜಾಲಿ' ಮಾಡಿಬಿಟ್ಟರು, ಗೋರಿ ಮೇಲೂ ಅದೇ. ನನ್ನ ಹೆಸರನ್ನು ಪ್ಯಾನ್‌ಕೇಕ್ ಅಜ್ಜಿ ಏನು ಮಾಡಿದ್ದಾರೆ ಅಂತ ನೆನೆದು ನಗು ಬಂತು.

ಬಾಡಿಗೆ ಬದಲು ಕೆಲಸ

ದುಡ್ಡು ಉಳಿಸಬೇಕು, ಮೈಯಲ್ಲಿ ಶಕ್ತಿ ಇದೆ, ಗಲಾಟೆ ಬೇಡ ಅನ್ನುವವರಿಗೆ ಇದು. ರಾಷ್ಟ್ರೀಯ ವನ್ಯಧಾಮಗಳು, ರಾಜ್ಯದ ಪಾರ್ಕುಗಳು ನಿಮ್ಮ ಗಾಡಿಗೆ ನೀರು, ಕರೆಂಟ್ ಸಮೇತ ಜಾಗ ಬಿಟ್ಟಿ ಕೊಡುತ್ತವೆ, ಬದಲಿಗೆ ವಾರಕ್ಕೆ ಸಾಮಾನ್ಯವಾಗಿ 20ರಿಂದ 30 ಗಂಟೆ ಕೆಲಸ. ಸರ್ಕಾರದ ವಾಲಂಟಿಯರ್ ಡಾಟ್ ಗವ್ ತಾಣದಲ್ಲಿ ಪಟ್ಟಿ ಇರುತ್ತದೆ. ನಾವು ಒಂದು ಚಳಿಗಾಲ ಹೀಗೆ ಕಳೆದೆವು, ಹಕ್ಕಿ ನೋಡುವವರು ತುಂಬ ಬರುವ ಒಂದು ಕಡೆ. ಕಣಿವೆಯಲ್ಲೇ ಆಲಮೊ ಊರ ಹತ್ತಿರ ಸಾಂತಾ ಆನಾ ವನ್ಯಧಾಮ ಇದೆ, 2,088 ಎಕರೆ. ಹಸಿರು ಜೇ, ಚಾಚಲಾಕಾ ಅಂತ ಈ ದೇಶದ ಬೇರೆ ಕಡೆ ಅಪರೂಪವಾದ ಹಕ್ಕಿಗಳು ಅಂಗಳದ ಕೋಳಿಯ ಹಾಗೆ ಓಡಾಡುತ್ತವೆ. ಬಂದವರಿಗೆ ದಾರಿ ಹೇಳುವುದು, ಅಂಗಡಿ ಗಲ್ಲಾ, ಕಾಲುದಾರಿಯ ಕೊಂಬೆ ಕಡಿಯುವುದು, ಕಕ್ಕಸು ತೊಳೆಯುವುದು. ಹೌದು, ಅದೂ ಇರುತ್ತದೆ, ಫೋನಿನಲ್ಲೇ ಕೇಳಿಕೊಳ್ಳಿ. ಆಮೇಲೆ ಮುಖ ಸಿಂಡರಿಸಬೇಡಿ.

ಜೊತೆಗೆ ಇರುವವರು ನಾಲ್ಕೈದು ಜೋಡಿ, ಅಷ್ಟೇ. ಹೊಂದಿಕೊಂಡರೆ ಸ್ವರ್ಗ, ಇಲ್ಲದಿದ್ದರೆ ಮೂರು ತಿಂಗಳು ಅದೇ ಮುಖಗಳು. ನಡುವೆ ಮೊಮ್ಮಗಳ ಹುಟ್ಟುಹಬ್ಬ ಅಂತ ಹೊರಡುವ ಹಾಗಿಲ್ಲ. ಪೂರ್ತಿ ಚಳಿಗಾಲ ಕೊಡಲಾಗದವರು ಬಡವರಿಗೆ ಮನೆ ಕಟ್ಟಿಕೊಡುವ ಸಂಸ್ಥೆ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯ 'ಕೇರ್-ಎ-ವ್ಯಾನರ್ಸ್' ನೋಡಿ, ಆರ್‌ವಿಯಲ್ಲಿ ಹೋಗಿ ಸುಮಾರು ಎರಡು ವಾರ ಮನೆ ಕಟ್ಟಿ ಬರುವುದು. ಕೆಲಸ ಅಲ್ಲೇ ಕಲಿಸುತ್ತಾರೆ.

ಊರಿನಿಂದ ವಿಸಿಟರ್ ವೀಸಾದಲ್ಲಿ ಬಂದ ಅಣ್ಣ, ಅತ್ತಿಗೆ, ಬೀಗರನ್ನು ಈ 'ಕೆಲಸಕ್ಕೆ ಜಾಗ' ಲೆಕ್ಕಕ್ಕೆ ಸೇರಿಸಬೇಡಿ. ಬಿಟ್ಟಿ ಜಾಗವನ್ನೂ ಸಂಬಳ ಅಂತಲೇ ನೋಡಬಹುದು, ವೀಸಾಕ್ಕೆ ಕುತ್ತು. ಪಾಟ್‌ಲಕ್‌ಗೆ ಕರೆದುಕೊಂಡು ಹೋಗಿ, ಸಾಕು.

ಫ್ಲಾರಿಡಾ ಬಗ್ಗೆ ಜಾಸ್ತಿ ಹೇಳಲ್ಲ. ಮೊಮ್ಮಕ್ಕಳು ಟ್ಯಾಂಪಾದಲ್ಲೋ ಒರ್ಲ್ಯಾಂಡೋದಲ್ಲೋ ಇದ್ದರೆ ಹೋಗಿ. ಗಾಡಿಯನ್ನು ವರ್ಷಪೂರ್ತಿ ಅಲ್ಲೇ ಬಿಡುವ ಯೋಚನೆ ಇದ್ದರೆ 2022ರ ಸೆಪ್ಟೆಂಬರ್‌ನ ಇಯಾನ್ ಚಂಡಮಾರುತದ ಫೋಟೊಗಳನ್ನು ಒಂದು ಸಲ ನೋಡಿ. ನಮ್ಮ ಊಟ, ನಮ್ಮ ಭಜನೆಯೇ ಬೇಕು ಅಂದರೆ ಟವಾರೆಸ್‌ನಲ್ಲಿ ಭಾರತೀಯರಿಗಾಗಿ ಕಟ್ಟಿದ ಶಾಂತಿನಿಕೇತನ ಇದೆ. ಅದು ಕಾಂಡೊ, ಅಂದರೆ ಕೊಂಡುಕೊಳ್ಳುವ ಮನೆ, ಗಾಲಿ ಇಲ್ಲ.

ಕಾಗದ ಪತ್ರ

ಕಣಿವೆಯಿಂದ ಉತ್ತರಕ್ಕೆ ವಾಪಸ್ ಬರುವಾಗ 281ನೇ ರಸ್ತೆಯಲ್ಲಿ ಫಾಲ್ಫುರಿಯಸ್ ಹತ್ತಿರ ಬಾರ್ಡರ್ ಪೆಟ್ರೋಲ್ ತಪಾಸಣೆ. ಎಲ್ಲರನ್ನೂ ನಾಗರಿಕರಾ ಅಂತ ಕೇಳುತ್ತಾರೆ, ನಮ್ಮನ್ನು ಇನ್ನೊಂದು ಪ್ರಶ್ನೆ ಜಾಸ್ತಿ. ಗ್ರೀನ್ ಕಾರ್ಡಿನವರು ಕಾರ್ಡು ಜೊತೆಗೇ ಇಟ್ಟುಕೊಳ್ಳಬೇಕು ಅನ್ನೋದು ಕಾನೂನು. ನಾವು ನಾಗರಿಕರಾದರೂ ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಡುತ್ತೇವೆ. ಹಲ್ಲಿನ ಕೆಲಸಕ್ಕೆ, ಮಾತ್ರೆಗೆ ಅಂತ ಗಡಿ ದಾಟಿ ನ್ಯೂವೋ ಪ್ರೊಗ್ರೆಸೊಗೆ ಹೋಗುವವರು ಬಹಳ, ಅರಿಜೋನಾ ಕಡೆಯವರಿಗೆ ಯೂಮಾ ಪಕ್ಕದ ಲಾಸ್ ಆಲ್ಗೊಡೊನೆಸ್. ಅಗ್ಗ ನಿಜ, ಆದರೆ ಮೆಡಿಕೇರ್, ಅಂದರೆ 65 ದಾಟಿದವರ ಸರ್ಕಾರಿ ಆರೋಗ್ಯ ವಿಮೆ, ಅಲ್ಲಿ ನಡೆಯಲ್ಲ ಅಂತಲೇ ತಿಳಿಯಿರಿ. ದೇಶದೊಳಗೂ ನೋಡಿಕೊಳ್ಳಿ: ಮೂಲ ಮೆಡಿಕೇರ್ ಇದ್ದರೆ ಅದನ್ನು ಒಪ್ಪುವ ಡಾಕ್ಟರು ಯಾವ ರಾಜ್ಯದಲ್ಲಾದರೂ ಸರಿ. ಮೆಡಿಕೇರನ್ನೇ ಖಾಸಗಿ ಕಂಪನಿ ಮೂಲಕ ಕೊಡುವ ಅಡ್ವಾಂಟೇಜ್ ಪ್ಲಾನುಗಳಲ್ಲಿ ಎಷ್ಟೋ ನಿಮ್ಮ ಊರಿನ ಆಸ್ಪತ್ರೆಗಳಿಗೇ ಕಟ್ಟುಬಿದ್ದಿರುತ್ತವೆ. ಐದು ತಿಂಗಳು ಹೊರಗಿರುವವರು ಅಕ್ಟೋಬರ್ 15ರಿಂದ ಡಿಸೆಂಬರ್ 7ರ ಒಳಗೆ, ಪ್ಲಾನ್ ಬದಲಿಸುವ ಹೊತ್ತಿನಲ್ಲಿ, ಇದನ್ನು ಯೋಚಿಸಲೇಬೇಕು. ಟೊರೊಂಟೊ ಕಡೆಯ ಕನ್ನಡಿಗರು ದಿನ ಎಣಿಸಬೇಕು. ಒಂಟಾರಿಯೋದ ಆರೋಗ್ಯ ವಿಮೆ ಹನ್ನೆರಡು ತಿಂಗಳಲ್ಲಿ 212 ದಿನದವರೆಗೆ ಹೊರಗಿರಲು ಬಿಡುತ್ತದೆ. ಆದರೆ ಅಮೆರಿಕದ ತೆರಿಗೆಯವರು ಈ ವರ್ಷದ ದಿನಗಳ ಜೊತೆ ಹೋದ ವರ್ಷದ ಮೂರನೇ ಒಂದು, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಸೇರಿಸಿ 183 ಆಯಿತಾ ಅಂತ ನೋಡುತ್ತಾರೆ. ಆಗಿದ್ದರೆ, ನಮ್ಮ ನೆಲೆ ಕೆನಡಾದಲ್ಲೇ ಅಂತ ತಿಳಿಸುವ 8840 ಅನ್ನುವ ಫಾರ್ಮ್ ತುಂಬಬೇಕಾಗಬಹುದು.

ಮುಂದೆ ಗಾಡಿ ಓಡಿಸಲಾಗದ ದಿನ ಬಂದರೆ? ಇದನ್ನು ನನ್ನವಳೇ ಕೇಳಿದ್ದು. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿ ಎಸ್ಕೇಪೀಸ್ ಅನ್ನುವ ಆರ್‌ವಿ ಕ್ಲಬ್ಬಿನ ಊರೇ ಇದೆ, 1978ರಲ್ಲಿ ಜೋ ಮತ್ತು ಕೇ ಪೀಟರ್ಸನ್ ದಂಪತಿ ಶುರು ಮಾಡಿದ್ದು. ಅಲ್ಲಿನ 'ಕೇರ್' ಕೇಂದ್ರದಲ್ಲಿ ಕೈಲಾಗದವರು ತಮ್ಮ ಗಾಡಿಯಲ್ಲೇ ಇರುತ್ತಾರೆ. ಊಟ, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಬಟ್ಟೆ ಒಗೆಯುವುದಕ್ಕೆ ನೆರವು ಎಲ್ಲ ಸಿಗುತ್ತದೆ. ಮಾಡುವವರಲ್ಲಿ ಬಹಳಷ್ಟು ಜನ ತಮ್ಮ ಆರ್‌ವಿ ತಂದು ನಿಲ್ಲಿಸಿಕೊಂಡ ಸ್ವಯಂಸೇವಕರು. ಒಂದು ಚಳಿಗಾಲ ಅಲ್ಲಿ ಅಡುಗೆಮನೆಯಲ್ಲಿ ಕೆಲಸ ಮಾಡಿ ನೋಡೋಣ ಅಂತ ನಮ್ಮಿಬ್ಬರ ಮಾತು ನಡೆದಿದೆ.

ಆರಿಸುವ ಮುಂಚೆ ಗಾಡಿ ಕೊಳ್ಳಲೇಬೇಡಿ. ಜನವರಿ ಒಂದು ತಿಂಗಳು ಪಾರ್ಕ್ ಮಾಡೆಲ್ ಬಾಡಿಗೆಗೆ ತೆಗೆದುಕೊಳ್ಳಿ, ತಿಂಗಳ ಬಾಡಿಗೆಗೆ ಕರೆಂಟ್ ಬಿಲ್ ಬೇರೆಯೇ ಅಂತ ಕೇಳಿಕೊಳ್ಳಿ, ಹತ್ತು ವರ್ಷಕ್ಕಿಂತ ಹಳೇ ಗಾಡಿ ಬಿಡದ ಪಾರ್ಕುಗಳೂ ಇವೆ ಅನ್ನೋದು ನೆನಪಿರಲಿ. ಹೋದ ಮರುದಿನ ಬೆಳಿಗ್ಗೆ ಏಳಕ್ಕೆ ಹಾಲ್‌ಗೆ ಹೋಗಿ ಕಾಫಿ ಕುಡಿಯಿರಿ. ಕುಡಿದ ಲೋಟ ಹಿಡಿದು ಸಿಂಕಿನ ಕಡೆ ನಡೆಯಿರಿ. "ಬಿಡಿ ಸರ್, ನಮ್ಮ ಸ್ಟಾಫ್ ನೋಡಿಕೊಳ್ಳುತ್ತಾರೆ" ಅಂದರೆ ಅದು ಒಂದು ಥರದ ಪಾರ್ಕು. "ಅಲ್ಲೇ ಸೋಪು ಇದೆ, ಹಾಗೇ ಇವನ್ನೂ ತೊಳೆದುಬಿಡು" ಅಂತ ಇನ್ನೂ ಆರು ಲೋಟ ಕೈಗೆ ಬಂದರೆ ಇನ್ನೊಂದು ಥರ. ನಮಗೆ ಎರಡನೆಯದು ಹಿಡಿಸಿತು. ಏಪ್ರನ್ ಮಾತ್ರ ಮನೆಯಿಂದ ತನ್ನಿ, ಅಲ್ಲಿ ಕೊಡುವುದು ಆರಡಿ ರೈತರ ಅಳತೆಯದು, ಕಾಲಿಗೆ ತೊಡರುತ್ತದೆ.